ಮುನ್ನೂರು ಮನೆಯವರ ಮತ

('ತಾಲ್ಲೂಕಿನಲ್ಲಿ ನಮ್ಮ ಸಮುದಾಯದ್ದು ಮುನ್ನೂರೇ ಮನೆ. ಗೆಲ್ಲುವುದು ದೊಡ್ಡ ಸಮುದಾಯದವರೇ. ನಮ್ಮ ಮತಕ್ಕೆ ಬೆಲೆಯೇನು? ಕ್ಷೇತ್ರವಾರು ಜಾತಿ ಬಲಾಬಲದ ಪಟ್ಟಿಯನ್ನಾದರೂ ಪ್ರಕಟಿಸಿ.' – ದಾವಣಗೆರೆ ಜಿಲ್ಲೆಯ ಓದುಗರು)

ಮಾನ್ಯರೇ,

ಸಂಖ್ಯೆಗೆ ಬಲವಿಲ್ಲವೆಂದು ನಾನೂ ಹೇಳಲಾರೆ. ಟಿಕೆಟ್ ಹಂಚುವಾಗ ಪಕ್ಷಗಳು ಮೊದಲು ಎಣಿಸುವುದು ತಲೆಗಳನ್ನೇ. ಆದರೆ ಇಷ್ಟು ಚೆನ್ನಾಗಿ ಪತ್ರ ಬರೆಯಬಲ್ಲ ನೀವು ಅರ್ಧ ಲೆಕ್ಕಕ್ಕೇ ಪುಸ್ತಕ ಮುಚ್ಚಿದ್ದೀರಿ. ಸಮುದಾಯವೊಂದು ತೀರ ದೊಡ್ಡದಾಗಿರುವ ಕ್ಷೇತ್ರದಲ್ಲಿ ಮುಖ್ಯ ಪಕ್ಷಗಳೆಲ್ಲ ಅದರವರನ್ನೇ ನಿಲ್ಲಿಸುವುದರಿಂದ 'ನಮ್ಮವನು' ಎಂಬ ಮಾತು ಅರ್ಥ ಕಳೆದುಕೊಂಡು, ಅಲ್ಲಿನ ಮತ ಒಳಪಂಗಡ, ಬೀಗತನ, ಹಳೆಯ ಜಗಳಗಳ ಜಾಡು ಹಿಡಿದು ಒಡೆಯುತ್ತದೆ. ತಮ್ಮವನು ಗೆಲ್ಲುವ ಆಸೆಯೇ ಇಲ್ಲದ ಸಣ್ಣ ಸಮುದಾಯದವರು, ಯಾರ ಜೊತೆ ಸೇರಿದರೆ ಕೆಲಸವಾದೀತು ಎಂದು ಅಳೆದು ಸುರಿದು ಮತ ಹಾಕುತ್ತಾರೆ. ನಮ್ಮೂರಿನ ಪಂಚಾಯಿತಿ ಚುನಾವಣೆಯಲ್ಲಿ ದಾಯಾದಿಗಳಿಬ್ಬರು ಎದುರುಬದುರಾದಾಗ, ಅದುವರೆಗೆ ಕೇರಿಯ ಕೊನೆಯ ನಾಲ್ಕು ಮನೆಗಳ ಜಗುಲಿ ಹತ್ತದಿದ್ದ ಇಬ್ಬರೂ ಅಲ್ಲೇ ಕುಳಿತು ಮಜ್ಜಿಗೆ ಕುಡಿದದ್ದನ್ನು ನಾನು ಕಂಡಿದ್ದೇನೆ.

ಆಫ್ರಿಕಾದ ಚೇವಾ ಮತ್ತು ತುಂಬೂಕಾ ಜನರನ್ನು ಕುರಿತು ಡೇನಿಯಲ್ ಪೋಸ್ನರ್ ಎಂಬ ರಾಜ್ಯಶಾಸ್ತ್ರಜ್ಞರು 2004ರಲ್ಲಿ ಬರೆದದ್ದು ಇದೇ ಮಾತು. ಮಲಾವಿಯಲ್ಲಿ ಎರಡೂ ಗುಂಪುಗಳು ರಾಜಕೀಯ ಬಲ ಕಟ್ಟುವಷ್ಟು ದೊಡ್ಡವು, ಹಾಗಾಗಿ ಎದುರಾಳಿಗಳು. ಗಡಿಯಾಚೆಯ ಜಾಂಬಿಯಾದಲ್ಲಿ ಎರಡೂ ಸಣ್ಣವು, ಹಾಗಾಗಿ 'ಪೂರ್ವದವರು' ಎಂಬ ಒಂದೇ ಹೆಸರಿನಡಿ ಸಂಗಾತಿಗಳು.

ಅಷ್ಟು ದೂರವೇಕೆ, ನಮ್ಮ ದೇವರಾಜ ಅರಸು ಅವರ ಸಮುದಾಯ ಎಷ್ಟು ದೊಡ್ಡದಿತ್ತು? ತಲೆಯೆಣಿಕೆಯೇ ಸರ್ವಸ್ವವಾಗಿದ್ದರೆ ಅವರು ತಮ್ಮ ಕ್ಷೇತ್ರವಾದ ಹುಣಸೂರನ್ನೇ ದಾಟುತ್ತಿರಲಿಲ್ಲ. 1972ರಲ್ಲಿ ಅವರು ಮುಖ್ಯಮಂತ್ರಿಯಾದಾಗ ಇಂದಿರಾ ಗಾಂಧಿಯವರ ಹೆಸರಿನ ಬಲವಿತ್ತೆಂಬುದು ನಿಜ. ಆದರೆ ಹಿಂದುಳಿದವರನ್ನು ಗುರುತಿಸಲು ಹಾವನೂರು ಆಯೋಗವನ್ನು ನೇಮಿಸಿ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿ ಕೊಡಿಸಿ, ಬಿಡಿಬಿಡಿಯಾಗಿದ್ದ ಸಮುದಾಯಗಳನ್ನು 'ಹಿಂದುಳಿದ ವರ್ಗ'ವೆಂಬ ಶಕ್ತಿಯಾಗಿಸಿದವರು ಅವರೇ. 1978ರಲ್ಲಿ ಮತ್ತೆ ಗೆದ್ದದ್ದೂ ಆ ಬಲದಿಂದ.

ಇನ್ನು ನೀವು ಕೇಳಿದ ಪಟ್ಟಿ. 1931ರ ನಂತರ ದೇಶದ ಯಾವ ಜನಗಣತಿಯೂ ಎಲ್ಲ ಜಾತಿಗಳ ಅಂಕಿಯನ್ನು ಪ್ರಕಟಿಸಿಲ್ಲ. ಆದರೂ ಚುನಾವಣೆ ಬಂತೆಂದರೆ ನಮ್ಮ ವೃತ್ತಿಬಾಂಧವರ ಪುಟಗಳಲ್ಲಿ ಇಂಥವರು 40 ಸಾವಿರ, ಅಂಥವರು 25 ಸಾವಿರ ಎಂಬ ದುಂಡಗಿನ ಸಂಖ್ಯೆಗಳು ಸಾಲುಗಟ್ಟುತ್ತವೆ. ಅಂಥದೊಂದು ಪಟ್ಟಿಯನ್ನು ಒಮ್ಮೆ ಕೂಡಿ ನೋಡಿದೆ; ಮೊತ್ತವು ಕ್ಷೇತ್ರದ ಮತದಾರರ ಸಂಖ್ಯೆಯನ್ನೇ ಮೀರಿತ್ತು. ಅಲ್ಲಿ ನಿಮ್ಮ ಮುನ್ನೂರು ಮನೆಗಳಿಗೆ ಸಿಗುವ ಜಾಗ ಕೊನೆಯ ಸಾಲಿನ 'ಇತರರು' ಮಾತ್ರ. ಅದನ್ನು ನಾವು ಅಚ್ಚು ಹಾಕುವುದಿಲ್ಲ.

– ಸಂಪಾದಕ