ಸುಸ್ತಿನ ಮೂಲ ಪ್ರತಿಕಾಯದ ಕೊರತೆಯೋ, ಕಾರ್ಟಿಸಾಲ್ ಕೊರತೆಯೋ?

ಪ್ರಶ್ನೆ: ನನಗೆ 34 ವರ್ಷ. ಸಿವಿಐಡಿ ಎಂಬ ಪ್ರತಿಕಾಯ ಕೊರತೆಗೆ ನಾಲ್ಕು ವಾರಕ್ಕೊಮ್ಮೆ ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳು) ಹಾಕಿಸಿಕೊಳ್ಳುತ್ತೇನೆ. ಪ್ಲೇಟ್‌ಲೆಟ್ ಇಳಿದಿದ್ದರಿಂದ ಐದು ತಿಂಗಳು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ನುಂಗಿ, ಎರಡು ತಿಂಗಳ ಹಿಂದೆ ನಿಲ್ಲಿಸಿದೆ. ಈಗ ವಿಪರೀತ ಸುಸ್ತು, ಎದ್ದು ನಿಂತರೆ ತಲೆ ಸುತ್ತು. ಸಂಜೆ 4ಕ್ಕೆ ಮಾಡಿಸಿದ ಕಾರ್ಟಿಸಾಲ್ ಕಡಿಮೆ ಬಂದಿದೆ. ನನ್ನ ಕಾಯಿಲೆ ಅಡ್ರಿನಲ್ ಗ್ರಂಥಿಯನ್ನೂ ಹಾಳುಮಾಡಿತೇ?

ಉತ್ತರ: ಮೊದಲು ಆ ಸಂಜೆಯ ವರದಿಯನ್ನು ಪಕ್ಕಕ್ಕಿಡಿ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸಾಲ್ ಬೆಳಗಿನ ಜಾವ ಏರಿ, ಹೊತ್ತು ಇಳಿದಂತೆ ತಾನೂ ಇಳಿಯುವ ಹಾರ್ಮೋನು. ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಡಿ. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಬಹುತೇಕ ಖಚಿತ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಿದ್ದರೆ ಅಡ್ರಿನಲ್ ಅನ್ನು ಪ್ರಚೋದಿಸುವ ಸಿನಾಕ್ಥೆನ್ ಔಷಧಿಯನ್ನು 250 ಮೈಕ್ರೋಗ್ರಾಂ ಚುಚ್ಚಿ, ಗ್ರಂಥಿ ಓಗೊಡುತ್ತದೆಯೇ ಎಂದು ಅರ್ಧ ಗಂಟೆ, ಒಂದು ಗಂಟೆಯ ಬಳಿಕ ಅಳೆಯುತ್ತಾರೆ.

ನನ್ನ ಅನುಮಾನ ಮೊದಲು ಬೀಳುವುದು ಪ್ರೆಡ್ನಿಸೊಲೋನ್ ಮೇಲೆ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿರುವಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಕಾರ್ಟಿಸಾಲ್ ತಯಾರಿಸೆಂದು ಅಡ್ರಿನಲ್‌ಗೆ ಹೇಳುವ ಎಸಿಟಿಎಚ್ ಹಾರ್ಮೋನನ್ನು ಕಳಿಸುವುದನ್ನು ತಗ್ಗಿಸುತ್ತದೆ, ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ. ಮಾತ್ರೆ ಬಿಟ್ಟ ಮೇಲೆ ಚೇತರಿಕೆಗೆ ಎಷ್ಟೋ ತಿಂಗಳು ಹಿಡಿಯಬಹುದು. ಸ್ಟಿರಾಯ್ಡ್ ಇನ್‌ಹೇಲರ್ ಬಳಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅನೇಕರು ಅದನ್ನು ಔಷಧಿ ಎಂದೇ ಎಣಿಸುವುದಿಲ್ಲ.

ನೀವು ಶಂಕಿಸಿದ ನಂಟು ಸುಳ್ಳಲ್ಲ, ಅಪರೂಪ. ಎನ್‌ಎಫ್‌ಕೆಬಿ2 ವಂಶವಾಹಿಯ ದೋಷವಿರುವ ಕೆಲವರಲ್ಲಿ ಪ್ರತಿಕಾಯಗಳ ಜೊತೆಗೆ ಎಸಿಟಿಎಚ್ ಕೂಡ ಕೈಕೊಡುತ್ತದೆ. ಅದು ಹೆಚ್ಚಾಗಿ ಬಾಲ್ಯದಲ್ಲೇ ತಲೆದೋರುತ್ತದೆ. ದೇಹವೇ ಅಡ್ರಿನಲ್ ಮೇಲೆ ಎರಗುವ ಅಡಿಸನ್ ಕಾಯಿಲೆಯೂ ಉಂಟು. ಅದರಲ್ಲಿ ಅಂಗೈ ಗೆರೆ, ಒಸಡು ಕಪ್ಪಾಗುತ್ತವೆ, ಉಪ್ಪು ತಿನ್ನುವ ಚಪಲ ಹುಟ್ಟುತ್ತದೆ, ಪೊಟ್ಯಾಸಿಯಂ ಏರಬಹುದು. ಎಸಿಟಿಎಚ್ ಕೊರತೆಯಲ್ಲಿ ಇವು ಕಾಣುವುದಿಲ್ಲ.

ಅಡಿಸನ್ ಪತ್ತೆಗೆ ಮಾಡುವ 21-ಹೈಡ್ರಾಕ್ಸಿಲೇಸ್ (ಅಡ್ರಿನಲ್‌ನ ಒಂದು ಕಿಣ್ವ) ಪ್ರತಿಕಾಯ ಪರೀಕ್ಷೆಯನ್ನು ನಿಮ್ಮ ವಿಷಯದಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಕಾಯಿಲೆ ಇದ್ದರೂ ನಿಮ್ಮ ದೇಹ ಆ ಪ್ರತಿಕಾಯ ತಯಾರಿಸದೇ ಇರಬಹುದು. ಕಾಯಿಲೆ ಇಲ್ಲದಿದ್ದರೂ ದಾನಿಗಳ ಪ್ರತಿಕಾಯ ಇಮ್ಯುನೋಗ್ಲಾಬ್ಯುಲಿನ್ ಮೂಲಕ ಒಳಸೇರಿ ಫಲಿತಾಂಶ ಪಾಸಿಟಿವ್ ಬರಬಹುದು. ಈ ಪರೀಕ್ಷೆಗೆ ರಕ್ತ ಕೊಡುವುದಿದ್ದರೆ ಇನ್‌ಫ್ಯೂಷನ್‌ಗೆ ಮುಂಚೆಯೇ ಕೊಡಿ.

ಸುಸ್ತು ಯಾವ ವಾರ ಹೆಚ್ಚೆಂದು ಬರೆದಿಡಿ. ಇನ್‌ಫ್ಯೂಷನ್‌ನ ಹಿಂದಿನ ವಾರ ಮಾತ್ರವಾದರೆ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯದ ಮಟ್ಟ ಇಳಿದಿದೆಯೇ ಎಂದು ನೋಡಬೇಕು.

ಕಾರ್ಟಿಸಾಲ್ ಕೊರತೆ ಖಚಿತವಾದರೆ ಅದರ ಬದಲಿ ಮಾತ್ರೆಯಾದ ಹೈಡ್ರೊಕಾರ್ಟಿಸೋನ್‌ಗೆ ಅಂಜಬೇಡಿ. ದಿನಕ್ಕೆ 15ರಿಂದ 25 ಮಿಲಿಗ್ರಾಂ ಎಂದರೆ ದೇಹ ತಾನೇ ತಯಾರಿಸಬೇಕಿದ್ದಷ್ಟು. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಪ್ರಮಾಣವಲ್ಲ. ಜ್ವರ ಬಂದಾಗ ಅದನ್ನು ಎಷ್ಟು ಹೆಚ್ಚಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಪರೀಕ್ಷೆ ಮುಗಿಯುವ ಮೊದಲೇ ಜ್ವರದೊಂದಿಗೆ ವಾಂತಿ, ತಲೆಸುತ್ತು ಶುರುವಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ‘ಐದು ತಿಂಗಳು ಸ್ಟಿರಾಯ್ಡ್ ತೆಗೆದುಕೊಂಡಿದ್ದೆ’ ಎಂಬುದನ್ನೇ ಮೊದಲು ಹೇಳಿ.