ಪ ಒತ್ತು ಮುಗದಾವ, ನಾಳಿ ಬರೀರಿ

ಪ್ರಿಯ ಮಿತ್ರರೇ,

‘ಆಧುನಿಕೋತ್ತರವಾದ: ಬಂಡವಾಳಶಾಹಿಗೂ ಕೇಂದ್ರೀಕೃತ ಅಧಿಕಾರಕ್ಕೂ ಸವಾಲು’ ಎಂಬ ನಿಮ್ಮ ಹನ್ನೊಂದು ಪುಟದ ಲೇಖನ ಬಂದು ತಲುಪಿದೆ. ಸಾಕಷ್ಟು ಓದಿಕೊಂಡಿದ್ದೀರಿ. ಅಕ್ಷರ ದುಂಡಗಿದೆ, ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಇಷ್ಟು ಸಾಕು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೇ ಸಲ ಇನ್ನಷ್ಟು ಬಂತು. ಸಿಟ್ಟು ಬರದಿದ್ದರೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಿರುತ್ತಿದ್ದೆ.

ಎರಡನೇ ಪುಟ ತೆಗೆಯಿರಿ. ‘ಆಧುನಿಕ ಯುಗದಲ್ಲಿ ಅಧಿಕಾರವು ಕೇಂದ್ರೀಕರಿಸಲ್ಪಟ್ಟಿತು.’ ಯಾರು ಕೇಂದ್ರೀಕರಿಸಿದರು? ಅದರ ಕೆಳಗೇ, ‘ಜ್ಞಾನವು ಸರಕಾಗಿ ಪರಿವರ್ತಿಸಲ್ಪಟ್ಟು ಮಾರುಕಟ್ಟೆಗೆ ಒಪ್ಪಿಸಲ್ಪಟ್ಟಿತು.’ ಒಪ್ಪಿಸಿದವರು ಯಾರು, ಎಷ್ಟಕ್ಕೆ? ‘ಅಂಚಿನ ಧ್ವನಿಗಳು ಹತ್ತಿಕ್ಕಲ್ಪಟ್ಟವು.’ ಹತ್ತಿಕ್ಕಿದ ಕೈ ಯಾವುದು? ಕೆಂಪು ಪೆನ್ನು ಹಿಡಿದು ಎಣಿಸಿದೆ, ಇಂಥ ‘ಲ್ಪಟ್ಟ’ಗಳು 43 ಇವೆ. ಅಧಿಕಾರದ ಬಗ್ಗೆ ಬರೆದ ಲೇಖನದಲ್ಲಿ ಅಧಿಕಾರ ನಡೆಸುವ ಒಬ್ಬ ಮನುಷ್ಯನೂ ಇಲ್ಲ. ಎಲ್ಲವೂ ಮಳೆ ಬಂದ ಹಾಗೆ ತಾನಾಗಿ ಆಗುತ್ತಿದೆ.

ನೀವು ಫ್ರೆಂಚ್ ಚಿಂತಕ ಫೂಕೋನನ್ನು ಮುಂದಿಟ್ಟು ಜಗಳಕ್ಕೆ ಬರಬಹುದು. ಅಧಿಕಾರ ಒಬ್ಬ ದೊರೆಯ ಕೈಲಿರುವ ವಸ್ತುವಲ್ಲ, ಎಲ್ಲೆಡೆ ಹರಡಿಕೊಂಡಿದೆ ಅಂತ ಅವನೇ ಹೇಳಿದ್ದಾನಲ್ಲ, ಅದಕ್ಕೇ ಕರ್ತೃವನ್ನು ಬಿಟ್ಟೆ ಎನ್ನಬಹುದು. ಹೇಳಿದ್ದು ಹೌದು, ಆದರೆ ಹೇಗೆ ಹೇಳಿದ ನೋಡಿ. ಸೆರೆಮನೆಯ ಹುಟ್ಟಿನ ಬಗ್ಗೆ 1975ರಲ್ಲಿ ಬಂದ ಅವನ ಪುಸ್ತಕ ಶುರುವಾಗುವುದು 1757ರಲ್ಲಿ ಪ್ಯಾರಿಸ್ಸಿನ ಜನರೆದುರು ಒಬ್ಬನನ್ನು ಹಿಂಸಿಸಿ ಕೊಂದ ವರದಿಯಿಂದ. ಅದರ ಬೆನ್ನಿಗೇ ಎಂಬತ್ತು ವರ್ಷ ಈಚಿನ ಒಂದು ಸೆರೆಮನೆಯ ವೇಳಾಪಟ್ಟಿ ಇಡುತ್ತಾನೆ. ಚಳಿಗಾಲದಲ್ಲಿ ಬೆಳಗಿನ ಆರಕ್ಕೆ, ಬೇಸಿಗೆಯಲ್ಲಿ ಐದಕ್ಕೆ ಕೈದಿಗಳ ದಿನ ಶುರು. ಮೊದಲ ನಗಾರಿಗೆ ಎದ್ದು, ಬಾಯಿ ಬಿಡದೆ ಬಟ್ಟೆ ತೊಡಬೇಕು. ಹರಡಿದ ಅಧಿಕಾರವನ್ನು ಅವನು ಗಂಟೆ ಸಮೇತ ತೋರಿಸುತ್ತಾನೆ. ನಿಮ್ಮಲ್ಲಿ ಗಂಟೆಯೂ ಇಲ್ಲ, ನಗಾರಿ ಹೊಡೆಯುವವನೂ ಇಲ್ಲ.

ಇಷ್ಟು ಸಿಟ್ಟು ಯಾಕೆಂದರೆ, ನಾನೂ ಇದೇ ರೋಗ ಬಂದು ಎದ್ದವನು. ಇಪ್ಪತ್ತೆರಡರ ವಯಸ್ಸಿಗೆ ಇದೇ ಊರಿನ, ಆಗಿನ ಗುಲ್ಬರ್ಗದ, ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದಲು ಸೇರಿದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಬರಗಾಲದ ಕಾಮಗಾರಿಯ ಕೂಲಿ ಹಣ ‘ದುರುಪಯೋಗಪಡಿಸಿಕೊಳ್ಳಲ್ಪಟ್ಟಿದೆ’ ಎಂದು ವರದಿ ಬರೆದು ಭಾರಿ ಸಾಹಸ ಮಾಡಿದೆ ಅಂದುಕೊಂಡಿದ್ದೆ. ಮೊಳೆ ಜೋಡಿಸುವ ಹಿರಿಯರು ನನ್ನ ಹಾಳೆ ಹಿಡಿದುಕೊಂಡೇ ಎದ್ದು ಬಂದರು. “ಸರ, ಪ ಒತ್ತು ಎಲ್ಲಾ ಮುಗದಾವ. ಉಳದದ್ದು ನಾಳಿ ಬರೀರಿ.”

ಸಂಪಾದಕರು ನಗಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, 1948ರ ನಂತರ ಕನ್ನಡ ಬರೆಯಲು ಕಲಿತವರು. ಅವರ ವಾಕ್ಯದಲ್ಲಿ ಒಂದು ಪದ ಹೆಚ್ಚಿರುತ್ತಿರಲಿಲ್ಲ. “ಯಾರು ತಿಂದಾರ?” ಅಂದರು. ನಾನು ಸುಮ್ಮನೆ ನಿಂತೆ. “ರೊಕ್ಕಕ್ಕ ಕಾಲು ಬಂದು ತಾನೇ ನಡಕೋತ ಹೋಯ್ತೇನು ಮತ್ತ?” ತಿಂದವನ ಹೆಸರು ನನಗೆ ಗೊತ್ತಿತ್ತು. ದಿನಾ ಚಹಾದಂಗಡಿಯಲ್ಲಿ ಎದುರಿಗೇ ಕೂರುತ್ತಿದ್ದ. ನನ್ನ ಹೆದರಿಕೆಗೆ ವ್ಯಾಕರಣದಲ್ಲಿ ಒಂದು ಮರೆ ಸಿಕ್ಕಿತ್ತು. ವರದಿ ಆ ವಾರ ನಿಂತಿತು, ಮುಂದಿನ ವಾರ ಹೆಸರು ಸಮೇತ ಬಂತು. ನಾನು ಮೂರು ತಿಂಗಳು ಬೇರೆ ಕಡೆ ಚಹಾ ಕುಡಿದೆ.

ಇನ್ನು ಎಂಟನೇ ಪುಟ. ‘ಬಸವಣ್ಣನವರೇ ಮೊದಲ ಆಧುನಿಕೋತ್ತರವಾದಿ.’ ಆಳಂದ ಕಡೆಯವರು ನೀವು, ಕಲ್ಯಾಣ ದೂರವಲ್ಲ, ಅಭಿಮಾನ ಅರ್ಥವಾಗುತ್ತದೆ. ಆದರೆ ಆಧುನಿಕತೆ ಹುಟ್ಟುವ ಮೊದಲೇ ಅದರ ‘ಉತ್ತರ’ ಹನ್ನೆರಡನೇ ಶತಮಾನಕ್ಕೆ ಹೇಗೆ ಬಂತು? ಮಹಾಕಥನಗಳ, ಅಂದರೆ ಎಲ್ಲವನ್ನೂ ಒಂದೇ ಏಟಿಗೆ ವಿವರಿಸುವ ದೊಡ್ಡ ಕಥೆಗಳ, ಮೇಲೆ ನಂಬಿಕೆ ಹೋಗಿರುವುದೇ ಆಧುನಿಕೋತ್ತರ ಸ್ಥಿತಿ ಎಂದು ಫ್ರೆಂಚ್ ತತ್ವಜ್ಞಾನಿ ಲಿಯೋತಾರ್ 1979ರ ಪುಸ್ತಕದಲ್ಲಿ ಹೇಳಿದ. (ಆ ಪುಸ್ತಕ ಕೆನಡಾದ ಕ್ವೆಬೆಕ್ ಸರ್ಕಾರದ ವಿಶ್ವವಿದ್ಯಾಲಯ ಮಂಡಳಿ ಕೇಳಿ ಬರೆಸಿಕೊಂಡ ವರದಿ. ಅಧಿಕಾರಕ್ಕೆ ಸವಾಲು ಎಂದು ನೀವು ಕೊಂಡಾಡುವ ಗ್ರಂಥ ಸರ್ಕಾರಿ ಕಾಗದವಾಗಿ ಹುಟ್ಟಿದ ಮಜಾ ನಿಮ್ಮ ಕಣ್ಣಿಗೆ ಬೀಳಲಿಲ್ಲ.) ವಚನ ವಚನಕ್ಕೂ ಕೂಡಲಸಂಗಮದೇವನ ಅಂಕಿತ ಹಾಕಿದವರಲ್ಲಿ ಅಪನಂಬಿಕೆ ಎಲ್ಲಿ ಹುಡುಕುತ್ತೀರಿ? ಅವರಿಂದ ಕಲಿಯುವುದಾದರೆ ವಾಕ್ಯ ಕಲಿಯಿರಿ: ‘ಉಳ್ಳವರು ಶಿವಾಲಯವ ಮಾಡುವರು.’ ನಿಮ್ಮ ಕೈಗೆ ಸಿಕ್ಕಿದ್ದರೆ ‘ಶಿವಾಲಯಗಳು ನಿರ್ಮಿಸಲ್ಪಡುತ್ತವೆ’ ಆಗುತ್ತಿತ್ತು. ಉಳ್ಳವರು ಪಾರು.

ಶೀರ್ಷಿಕೆಯ ‘ಸವಾಲು’ ಬಗ್ಗೆ ಒಂದೇ ಮಾತು. ಅಮೆರಿಕದ ವಿಮರ್ಶಕ ಜೇಮ್ಸನ್ 1984ರಲ್ಲಿ ಹೆಚ್ಚುಕಡಿಮೆ ಇದಕ್ಕೆ ತಿರುಗಾ ಹೇಳಿದ: ಆಧುನಿಕೋತ್ತರವಾದ ಬಂಡವಾಳಶಾಹಿಯ ಎದುರಾಳಿಯಲ್ಲ, ಅದರ ಈಚಿನ ಘಟ್ಟದ ಸಾಂಸ್ಕೃತಿಕ ತರ್ಕವೇ. ಅವನೂ ಗಾಳಿಯಲ್ಲಿ ಮಾತಾಡಲಿಲ್ಲ. ಲಾಸ್ ಏಂಜಲೀಸಿನ ಒಂದು ಹೋಟೆಲಿನೊಳಗೆ ನಡೆಸಿಕೊಂಡು ಹೋಗಿ, ಅಲ್ಲಿನ ಅಂಗಡಿಗಳು ಗಿರಾಕಿಗೆ ಹುಡುಕಿದರೂ ಸಿಗದ ಪಾಡು ತೋರಿಸಿದ. ನೀವು ಅವನ ಹೆಸರನ್ನು ಹೊಗಳಿಕೆಯ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದೀರಿ.

ಕೊನೆಯ ಪುಟದ ನಾಲ್ಕು ಸಾಲು ಮಾತ್ರ ರಾತ್ರಿಯಿಡೀ ಕಾಡಿದವು. ‘ಅಪ್ಪ ಗಂಜ್ ಮಾರುಕಟ್ಟೆಗೆ ಆರು ಚೀಲ ತೊಗರಿ ಒಯ್ದ. ಅಡತಿ ಅಂಗಡಿ ಮುನೀಮ ಮೊಬೈಲಿನಿಂದ ಕಣ್ಣೆತ್ತದೆ, ರೇಟ್ ಬಿದ್ದದ ಅಂದ.’ ಬೀಳಿಸಿದವರು ಯಾರು? 2016ರಲ್ಲಿ ದೆಹಲಿ ಸರ್ಕಾರ ಬೇಳೆಕಾಳು ತರಿಸಲು ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ನಿರ್ಬಂಧ ತೆಗೆಯಿತು. ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚಿಕೆ (ಜಿಐ ಮಾನ್ಯತೆ) ಸಿಕ್ಕದ್ದೂ ಇವೆರಡರ ನಡುವೆ, 2019ರಲ್ಲಿ. ನೀವು ಹನ್ನೊಂದು ಪುಟ ಹುಡುಕಾಡಿದ ಬಂಡವಾಳ, ಕೇಂದ್ರಾಧಿಕಾರ ಎರಡೂ ಮುನೀಮನ ಅಂಗೈಯ ಆ ಮೊಬೈಲಿನಲ್ಲಿದ್ದವು. ನೀವು ಅದನ್ನು ಅಲಂಕಾರಕ್ಕೆಂದು ಕೊನೆಗೆ ಇಟ್ಟಿರಿ.

ಅಲ್ಲಿಂದಲೇ ಶುರುಮಾಡಿ, ನಾಲ್ಕು ಪುಟ ಸಾಕು. ಬರೆಯುವ ಮೊದಲು ಅಪ್ಪನವರನ್ನು ಕೇಳಿ: ಆ ದಿನದ ಚೀಟಿ ಇನ್ನೂ ಇದೆಯೇ, ಹಮಾಲಿಗೆ ಎಷ್ಟು ಹಿಡಿದರು, ತೂಕದಲ್ಲಿ ಎಷ್ಟು ಕಡಿದರು, ಯಾರು ಕಡಿದರು.

ನಿಮ್ಮ,
ಸಂಪಾದಕ