ಬಾಗಿಲಿನ ಕಣ್ಣು ಕಿತ್ತು ಸೂರಿಗೆ ಕಟ್ಟಿದ ಪತಿ

ಪ್ರಶ್ನೆ: ನಮ್ಮ ಗ್ಯಾರೇಜಿಗೆ ಎರಡು ಕಾರಿನ ಅಗಲದ ರಿಮೋಟ್ ಬಾಗಿಲಿದೆ. ಹಾಕಿಸಿ 9 ವರ್ಷವಾಯಿತು. ಸಂಜೆ ಹೊತ್ತು ಮುಚ್ಚಲು ಹೋದರೆ ಅರ್ಧಕ್ಕೆ ಇಳಿದು ವಾಪಸ್ ಮೇಲೇರುತ್ತಿತ್ತು. ರೋಸಿಹೋದ ಪತಿ, ಅಡ್ಡ ಬಂದವರನ್ನು ಗುರುತಿಸಲು ಕೆಳಗಿದ್ದ ಎರಡೂ ಸೆನ್ಸರ್ ಬಿಚ್ಚಿ, ಒಂದಕ್ಕೊಂದು ಎದುರಾಗಿಟ್ಟು ಟೇಪು ಸುತ್ತಿ, ಮೇಲೆ ಮೋಟರ್ ಪಕ್ಕಕ್ಕೆ ಕಟ್ಟಿಬಿಟ್ಟಿದ್ದಾರೆ. ನಮ್ಮ 6 ವರ್ಷದ ಮಗನಿಗೆ ಬಾಗಿಲು ಇಳಿಯುತ್ತಿರುವಾಗ ಸೈಕಲ್ ತೂರಿಸುವುದೇ ಆಟ. ಹೇಳಿದರೆ ಪತಿ, "ನಿನಗೆ ಎಲ್ಲದಕ್ಕೂ ಭಯ" ಎನ್ನುತ್ತಾರೆ. ಈಚೆಗೆ ಬಾಗಿಲು ಏರುವಾಗ ಮೋಟರ್ ನರಳುತ್ತದೆ. ಸ್ಪ್ರಿಂಗ್ ಸಡಿಲವಾಗಿದೆ, ಭಾನುವಾರ ವಿಡಿಯೊ ನೋಡಿಕೊಂಡು ತಾನೇ ಬಿಗಿ ಮಾಡುತ್ತೇನೆ ಎಂದು ಹೊರಟಿದ್ದಾರೆ. ಅವರಿಗೆ ಹೇಳದೆ ಮೆಕ್ಯಾನಿಕ್ ಕರೆಸಲೇ? ಅಥವಾ ನನ್ನದೇ ಅತಿಯಾಯಿತೇ?

ಉತ್ತರ: ನಿಮ್ಮದು ಅತಿಯಾಗಿಲ್ಲ. ಆದರೆ ನೀವು ಹೆಚ್ಚು ಹೆದರಿರುವುದು ಸೆನ್ಸರ್ ವಿಷಯಕ್ಕೆ. ಮೊದಲು ತಡೆಯಬೇಕಾದದ್ದು ಭಾನುವಾರದ ಕೆಲಸವನ್ನು.

ಬಾಗಿಲನ್ನು ಎತ್ತುವುದು ಮೋಟರ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಭಾರವನ್ನೆಲ್ಲ ಹೊರುವುದು ಸ್ಪ್ರಿಂಗ್. ಮೋಟರ್ ಬರೀ ತಳ್ಳಿಕೊಡುತ್ತದೆ. ಸಾಮಾನ್ಯ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ 4 ಸಲ ಎಂದರೆ 7 ವರ್ಷದ ಲೆಕ್ಕ. ನಿಮ್ಮದು 9 ದಾಟಿದೆ, ಮೋಟರ್ ನರಳುತ್ತಿದೆ. ಸ್ಪ್ರಿಂಗ್ ಸಡಿಲವಾಗಿಲ್ಲ, ದಣಿದಿದೆ. ದಣಿದ ಉಕ್ಕನ್ನು ಇನ್ನಷ್ಟು ತಿರುಚಿದರೆ ಮುರಿಯುವುದು ಹತ್ತಿರವಾಗುತ್ತದೆ, ಅಷ್ಟೇ.

ಬಾಗಿಲ ಮೇಲೆ ಅಡ್ಡ ಸರಳಿಗೆ ಸುತ್ತಿಕೊಂಡಿರುವ ಸ್ಪ್ರಿಂಗ್ ಬಾಗಿಲು ಮುಚ್ಚಿದಾಗಲೇ ಅತಿ ಹೆಚ್ಚು ಬಿಗಿಯಾಗಿರುತ್ತದೆ. ಅದನ್ನು ತಿರುಗಿಸಲು ತೂತಿಗೆ ಸರಿಯಾಗಿ ಕೂರುವ ಎರಡು ಉಕ್ಕಿನ ಸರಳು ಬೇಕು. ಮನೆಯಲ್ಲಿ ಅದಿಲ್ಲವೆಂದು ಸ್ಕ್ರೂಡ್ರೈವರ್ ತೂರಿಸುತ್ತಾರೆ. ಅದು ಜಾರಿದ ಕ್ಷಣ ಸ್ಪ್ರಿಂಗ್ ಗಿರ್ರನೆ ಬಿಚ್ಚಿಕೊಂಡು ಕೈಯಲ್ಲಿದ್ದುದನ್ನು ಬೀಸಿ ಹೊಡೆಯುತ್ತದೆ. ಮಣಿಕಟ್ಟು, ದವಡೆ ಮುರಿಯುವುದು ಹೀಗೆಯೇ. ಬಾಗಿಲ ಕೆಳಮೂಲೆಗಳಲ್ಲಿ ಕೇಬಲ್ ಹಿಡಿದಿರುವ ಬ್ರಾಕೆಟ್ಟೂ ಅಂಥದ್ದೇ. ಸ್ಪ್ರಿಂಗಿನ ಪೂರ್ತಿ ಎಳೆತ ಅದರ ಮೇಲಿರುತ್ತದೆ. ಅಲ್ಲಿನ ಬೋಲ್ಟಿಗೆ ಎಷ್ಟೋ ಕಡೆ ಕೆಂಪು ಬಣ್ಣ ಬಳಿದಿರುವುದು ಅಂದಕ್ಕಲ್ಲ.

"ಬೇಡ" ಎಂದರೆ ಅವರಿಗೆ ಛಲ ಬರಬಹುದು. ಅದರ ಬದಲು ಇಬ್ಬರೂ ಸೇರಿ ಬಾಗಿಲಿನ ಸಮತೂಕ ನೋಡಿ. ಮೊದಲು ಸ್ಪ್ರಿಂಗ್ ಕಡೆ ಟಾರ್ಚ್ ಹಾಯಿಸಿ. ಸುರುಳಿಯ ನಡುವೆ ನಾಲ್ಕೈದು ಸೆಂಟಿಮೀಟರ್ ಸಂದು ಕಂಡರೆ ಅದಾಗಲೇ ತುಂಡಾಗಿದೆ. ಗುಂಡಿ ಒತ್ತುವುದೂ ಬೇಡ. ಇಡಿಯಾಗಿದ್ದರೆ, ಬಾಗಿಲು ಪೂರ್ತಿ ಮುಚ್ಚಿರುವಾಗ ಮಾತ್ರ ಮೋಟರಿನ ಕೆಂಪು ಹಗ್ಗ ಎಳೆಯಿರಿ. ತೆರೆದಿರುವಾಗ ಎಳೆದರೆ, ಸ್ಪ್ರಿಂಗ್ ಸೋತಿದ್ದ ಪಕ್ಷದಲ್ಲಿ, ಬಾಗಿಲು ಧೊಪ್ಪನೆ ಬೀಳುತ್ತದೆ. ಆಮೇಲೆ ಹಿಡಿಕೆ ಹಿಡಿದು ಇಬ್ಬರೂ ನಿಧಾನಕ್ಕೆ ಎತ್ತಿ. ಮೊಣಕಾಲಿನ ಎತ್ತರಕ್ಕೆ ತರುವಷ್ಟರಲ್ಲೇ ಏದುಸಿರು ಬಂದರೆ ಅಲ್ಲಿಗೇ ಇಳಿಸಿಬಿಡಿ, ಉತ್ತರ ಸಿಕ್ಕಿತು. ಸರಿಯಿರುವ ಬಾಗಿಲಾದರೆ ಸೊಂಟದ ಎತ್ತರದಲ್ಲಿ ಮೆಲ್ಲಗೆ ಕೈ ಸಡಿಲಿಸಿದರೂ ತಾನಾಗಿ ನಿಲ್ಲಬೇಕು. ಮೋಟರಿನ ಬಲದ ಸ್ಕ್ರೂ ತಿರುಗಿಸಿ ನರಳಾಟ ನಿಲ್ಲಿಸುವ ಉಪಾಯವೂ ಅವರಿಗೆ ಹೊಳೆಯಬಹುದು. ಇಳಿಯುವ ಬಲ ಹೆಚ್ಚಿಸಿದಷ್ಟೂ, ಅಡಿಯಲ್ಲಿ ಏನಾದರೂ ಸಿಕ್ಕಾಗ ಬಾಗಿಲಿಗೆ ಅದು ಗೊತ್ತಾಗುವುದು ತಡವಾಗುತ್ತದೆ.

ಇನ್ನು ಸೆನ್ಸರ್. ಸಂಜೆ ಮಾತ್ರ ತಕರಾರು ಮಾಡುತ್ತಿತ್ತು ಎಂದಿದ್ದೀರಿ. ರೋಗದ ಮೂಲ ಬಹುಶಃ ಅಲ್ಲೇ ಇದೆ. ಎರಡು ಕಣ್ಣುಗಳಲ್ಲಿ ಒಂದು ಕಿರಣ ಕಳಿಸುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ಹಿಡಿಯುವ ಕಣ್ಣಿಗೆ ಇಳಿಬಿಸಿಲು ನೇರವಾಗಿ ಬಿದ್ದರೆ ಅದಕ್ಕೆ ಕಿರಣ ಕಾಣುವುದಿಲ್ಲ, ಯಾರೋ ಅಡ್ಡ ಬಂದರೆಂದು ಬಾಗಿಲನ್ನು ಹಿಂದಕ್ಕೆ ಕಳಿಸುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ, ಎಂದರೆ ಬಿಸಿಲು ಬೀಳುವ ಕಡೆಗೆ ಕಳಿಸುವ ಕಣ್ಣನ್ನು ಹಾಕಿದರೆ, ಅನೇಕ ಸಲ ಅಷ್ಟಕ್ಕೇ ಮುಗಿಯುತ್ತದೆ. ಇಲ್ಲವೇ ಹಿಡಿಯುವ ಕಣ್ಣಿನ ಸುತ್ತ ರಟ್ಟಿನ ಗಿಡ್ಡ ಕೊಳವೆಯೊಂದನ್ನು ಮರೆಯಾಗಿ ಕೂರಿಸಬಹುದು.

ಈ ಕೆಲಸ ನಿಮ್ಮ ಪತಿಯೇ ಮಾಡಲಿ. ಕೈಕೆಲಸದ ಹುರುಪಿರುವವರಿಗೆ ಸ್ಪ್ರಿಂಗಿನ ಬದಲು ಇದನ್ನು ಒಪ್ಪಿಸುವುದು ಒಳ್ಳೆಯದು. ಮೋಟರಿನ ಪ್ಲಗ್ ತೆಗೆದು, ಎರಡನ್ನೂ ಬಾಗಿಲ ಇಕ್ಕೆಲದಲ್ಲಿ ನೆಲದಿಂದ 15 ಸೆಂಟಿಮೀಟರ್ ಮೀರದ ಎತ್ತರದಲ್ಲಿ ಕೂರಿಸಬೇಕು. ಅದಕ್ಕಿಂತ ಮೇಲಿಟ್ಟರೆ ಅಂಬೆಗಾಲಿಡುವ ಕೂಸು ಕಿರಣದ ಕೆಳಗೇ ನುಸುಳುತ್ತದೆ. ಗಾಜನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಜೇಡರ ಬಲೆ ಸಾಕು ಅದನ್ನು ಕೆಡಿಸಲು. ಪ್ಲಗ್ ಹಾಕಿದ ಮೇಲೆ ಸೆನ್ಸರಿನ ಪುಟ್ಟ ದೀಪ ಮಿನುಗುತ್ತಿದ್ದರೆ ಎರಡೂ ಒಂದೇ ನೇರಕ್ಕಿಲ್ಲ ಎಂದರ್ಥ. ನಟ್ ಸಡಿಲಿಸಿ ಅಷ್ಟಿಷ್ಟು ಹೊರಳಿಸುತ್ತ ಬನ್ನಿ, ದೀಪ ನಿಶ್ಚಲವಾದ ಜಾಗದಲ್ಲಿ ಬಿಗಿ ಮಾಡಿ. ಆಮೇಲೂ ಮಿನುಗಿದರೆ ತಂತಿ ಎಲ್ಲೋ ಮೊಳೆಗೆ ಸಿಕ್ಕಿ ಜಜ್ಜಿಹೋಗಿರಬಹುದು.

ಒಂದು ಎಚ್ಚರಿಕೆ: ಗೋಡೆಯ ಗುಂಡಿಯನ್ನು ಒತ್ತಿಯೇ ಹಿಡಿದರೆ ಸೆನ್ಸರ್ ಏನೇ ಹೇಳಿದರೂ ಅನೇಕ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಅದು ತುರ್ತಿಗೆ ಇಟ್ಟ ಅವಕಾಶ. ಅದನ್ನೇ ದಿನಚರಿ ಮಾಡಿಕೊಂಡರೆ ಟೇಪು ಸುತ್ತಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಸೆನ್ಸರ್ ಸರಿಹೋದರೂ ಅದು ಕಾಯುವುದು ಒಂದೇ ಒಂದು ಗೆರೆಯನ್ನು. ಆ ಗೆರೆಗೆ ತಾಗದೆ ಬಾಗಿಲಡಿ ಚಾಚಿದ ಕೈ ಅದಕ್ಕೆ ಕಾಣದು. ಅದಕ್ಕೇ ಎರಡನೆಯ ಕಾವಲು, ತಾಗಿದ ಕೂಡಲೇ ಹಿಂದಿರುಗುವ ಗುಣ. ಬಾಗಿಲಿನ ಸಮತೂಕ ಸರಿಯಾದ ಮೇಲೆ, 38 ಮಿಲಿಮೀಟರ್ ದಪ್ಪದ ಮರದ ತುಂಡನ್ನು ಬಾಗಿಲ ನಡುಮಧ್ಯಕ್ಕೆ ನೆಲದ ಮೇಲೆ ಚಪ್ಪಟೆಯಾಗಿಟ್ಟು ಗುಂಡಿ ಒತ್ತಿ ದೂರ ನಿಲ್ಲಿ. ಮರಕ್ಕೆ ತಾಗಿ 2 ಸೆಕೆಂಡಿನೊಳಗೆ ಬಾಗಿಲು ಮೇಲಕ್ಕೆ ತಿರುಗಬೇಕು. ಮರವನ್ನು ಅದುಮಿಕೊಂಡು ನಿಂತರೆ ಮಗುವಿನ ಬೆನ್ನನ್ನೂ ಹಾಗೆಯೇ ಅದುಮುತ್ತದೆ. ನಿಮ್ಮ ಹತ್ತು ವಾದಕ್ಕಿಂತ ಈ ನೋಟ ನಿಮ್ಮ ಪತಿಗೆ ಬೇಗ ನಾಟುತ್ತದೆ. ತಿಂಗಳಿಗೊಮ್ಮೆ ಇದನ್ನು ಮಾಡಿ. ಕಿರಣಕ್ಕೊಂದು ರಟ್ಟಿನ ಡಬ್ಬ ಅಡ್ಡ ಇಟ್ಟೂ ನೋಡಿ.

ಮಗನ ವಿಷಯ. ಓಡಿ ನುಸುಳುವ ಆಟವನ್ನು ಮಕ್ಕಳು ಸಾಮಾನ್ಯವಾಗಿ ದೊಡ್ಡವರಿಂದಲೇ ಕಲಿಯುತ್ತಾರೆ. ರಿಮೋಟ್ ಒತ್ತಿ ಬಗ್ಗಿ ಹೊರಗೆ ಹಾರುವ ಅಭ್ಯಾಸ ನಿಮ್ಮಿಬ್ಬರಲ್ಲಿ ಯಾರಿಗಿದೆ, ನೋಡಿಕೊಳ್ಳಿ. ಗುಂಡಿ ಒತ್ತಿದವರು ಬಾಗಿಲು ನೆಲ ಮುಟ್ಟುವವರೆಗೆ ಕಣ್ಣು ಕೀಳಬಾರದು, ಇದೊಂದೇ ನಿಯಮ ಸಾಕು. ಗೋಡೆಯ ಗುಂಡಿ 1.5 ಮೀಟರಿಗಿಂತ ಕೆಳಗಿದ್ದರೆ ಮೇಲಕ್ಕೆ ಹಾಕಿಸಿ, ರಿಮೋಟ್ ಅವನ ಕೈಗೆಟುಕದಿರಲಿ. ಹಲಗೆಗಳ ನಡುವಿನ ಸಂದು ಬಾಗಿಲು ಬಾಗುವಾಗ ಬಾಯ್ದೆರೆದು, ನೇರವಾಗುವಾಗ ಕಚ್ಚಿಕೊಳ್ಳುತ್ತದೆ. ಅಲ್ಲಿ ಬೆರಳಿಡಬಾರದೆಂದು ಅವನಿಗೆ ಒಂದು ಕಡ್ಡಿಯನ್ನು ಅಲ್ಲಿಟ್ಟು ತೋರಿಸಿ.

ಕದ್ದು ಮೆಕ್ಯಾನಿಕ್ ಕರೆಸಬೇಡಿ. ಸೆನ್ಸರ್ ಮತ್ತೆ ಸೂರು ಸೇರಲು ಅಷ್ಟು ಸಾಕಾಗುತ್ತದೆ. ಹೇಳಿಯೇ ಕರೆಸಿ. ಅವರು ಒಪ್ಪದಿದ್ದರೆ ಜಗಳಕ್ಕೆ ನಿಲ್ಲದೆ ಬಾಗಿಲು ಮುಚ್ಚಿ, ಮೋಟರಿನ ಪ್ಲಗ್ ಕಿತ್ತು, ಕಾರನ್ನು ಹೊರಗೆ ನಿಲ್ಲಿಸಿ. ಇದರಲ್ಲಿ ಮಾತ್ರ ರಾಜಿ ಬೇಡ. ಮೆಕ್ಯಾನಿಕ್ ಬಂದಾಗ ಸ್ಪ್ರಿಂಗ್ ಎರಡಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಲು ಹೇಳಿ; ಒಂದರಷ್ಟೇ ವಯಸ್ಸು ಇನ್ನೊಂದಕ್ಕೂ ಆಗಿರುತ್ತದೆ. ಸ್ಪ್ರಿಂಗ್ ಹಳಿಯ ಉದ್ದಕ್ಕೆ ಎಳೆದುಕೊಳ್ಳುವ ಬಗೆಯದಾದರೆ ಅದರೊಳಗೆ ಸುರಕ್ಷಾ ಕೇಬಲ್ ಹಾಯಿಸಿದ್ದಾರೆಯೇ ನೋಡಿ. ಅದಿಲ್ಲದಿದ್ದರೆ ತುಂಡಾದ ಸ್ಪ್ರಿಂಗ್ ಗ್ಯಾರೇಜಿನೊಳಗೆ ಸಿಡಿಯುತ್ತದೆ. ಮೆಕ್ಯಾನಿಕ್ ಹೊರಡುವ ಮುನ್ನ ಆ ಮರದ ತುಂಡನ್ನು ಬಾಗಿಲಡಿ ಇಡಿಸಿ, ಗುಂಡಿಯನ್ನು ನಿಮ್ಮ ಪತಿಯ ಕೈಯಲ್ಲೇ ಒತ್ತಿಸಿ.